ಒಂದೇ ಗುಂಡಿಗೆ ಹೊರಡುತ್ತಿದ್ದ ಜೀಪು

ಶಾಲೆಯ ಶ್ರದ್ಧಾಂಜಲಿ ಸಭೆಯಲ್ಲಿ ನಾನು ನಮ್ಮ ಹಿಸ್ಟರಿ ಮೇಷ್ಟ್ರನ್ನು ‘ಸರಳ ಸಜ್ಜನರು’ ಎಂದುಬಿಟ್ಟೆ. ಮೈಕಿನ ಮುಂದೆ ನಿಂತ ಕನ್ನಡ ಮೇಷ್ಟ್ರ ಬಾಯಿಗೆ ಇಂಥ ಮಾತು ತಾನಾಗಿ ಬರುತ್ತದೆ, ಯಾರು ಸತ್ತರೂ ಹೊಂದುತ್ತದೆ. ಅವರು ಎದುರಿಗಿದ್ದಿದ್ದರೆ, “ಎಂತ ಪಂಡಿತರೇ, ನನ್ನನ್ನು ಸರಳ ಅಂತ ನಿಮಗೆ ಹೇಳಿದ್ದು ಯಾರು? ನನ್ನ ಹೆಂಡತಿಯನ್ನು ಕೇಳಿದ್ರಾ?” ಎಂದು ಅಲ್ಲೇ ಎದ್ದು ನಿಲ್ಲುತ್ತಿದ್ದರು. ಊರಿನವರೆಲ್ಲ ತಲೆಯಾಡಿಸಿದರು. ಮಕ್ಕಳು ಮೌನವಾಗಿ ನಿಂತು, ಮೌನ ಮುಗಿದ ಕೂಡಲೇ ಗಲಾಟೆ ಮಾಡಿದರು. ನಾನು ಬಂದು ಕುರ್ಚಿಯಲ್ಲಿ ಕೂತಾಗ ಕೊನೆಯ ಸಾಲಿನಿಂದ ಅವರ ತೋಟದ ಕೆಳಗಿನ ಮನೆಯ ಜಾನಕಿಯಕ್ಕ ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕುಶಾಲನಗರದ ಕಡೆಯವನು. ನಮ್ಮ ತಾತ ಹಾಸನದ ಸೀಮೆಯಿಂದ ಬಂದು ಅಲ್ಲಿ ನೆಲೆನಿಂತವರು. ನಾಪೋಕ್ಲಿನಿಂದ ಒಳಗಿರುವ ಈ ಊರಿನ ಹೈಸ್ಕೂಲಿಗೆ ವರ್ಗವಾಗಿ ಬಂದ ದಿನ, ಮಳೆಯಲ್ಲಿ ಟ್ರಂಕಿನ ಮೇಲೆ ಕೂತಿದ್ದ ನನ್ನೆದುರು ಒಂದು ಹಳೆಯ ಜೀಪು ಬಂದು ನಿಂತಿತು. ಎತ್ತರದ ಆಳು, ಮೊಣಕಾಲಿನ ತನಕ ಬೂಟು, ಕನ್ನಡಕಕ್ಕೆ ಕಟ್ಟಿದ ದಾರ. “ಕನ್ನಡ ಪಂಡಿತರು ನೀವೇಯಾ? ಹತ್ತಿ. ನಾನು ಹಿಸ್ಟರಿ. ಈ ಊರಲ್ಲಿ ಬಸ್ಸು ಕಾದವನು ಉದ್ಧಾರ ಆಗಿದ್ದು ಹಿಸ್ಟರಿಯಲ್ಲೇ ಇಲ್ಲ,” ಎಂದರು. ಅಂದಿನಿಂದ ಅವರಿಗೆ ನಾನು ಪಂಡಿತರು, ನನಗೆ ಅವರು ಸಾರ್.

ಊರಿನ ದೊಡ್ಡ ತೋಟ ಅವರದೇ. ಮೇಷ್ಟ್ರ ಕೆಲಸ ಅವರಿಗೆ ಹೊಟ್ಟೆಪಾಡಿಗೆ ಬೇಕಾಗಿರಲಿಲ್ಲ. ಮನೆಯಲ್ಲಿದ್ದರೆ ತೋಟದ ಲೆಕ್ಕ ಬರೆಯುವ ರೈಟರ್ ಜೊತೆ ಜಗಳವಾಡುತ್ತಾರೆಂದು ಹೆಂಡತಿಯೇ ಶಾಲೆಗೆ ಅಟ್ಟಿದ್ದು ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಗುಡ್ಡದ ನೆತ್ತಿಯಲ್ಲಿ ಮನೆ. ಮನೆಯಲ್ಲಿ ಎರಡು ಕೋವಿ, ಒಂದು ಸರ್ಚ್‌ಲೈಟು, ಆ ಜೀಪು. ಜೀಪು ಓಡಿಸುವುದರಲ್ಲಿ ಅವರಿಗಿಂತ ಅವರ ಹೆಂಡತಿಯೇ ಒಂದು ಕೈ ಮೇಲು. ಯಾರಿಗಾದರೂ ಹೆರಿಗೆ ನೋವು ಬಂದರೆ, ರಸ್ತೆಗೆ ಮರ ಬಿದ್ದರೆ, ತೋಟಕ್ಕೆ ಆನೆ ನುಗ್ಗಿದರೆ ಊರು ಮೊದಲು ತಲೆಯೆತ್ತಿ ನೋಡುತ್ತಿದ್ದುದು ಆ ಮನೆಯ ಕಡೆಗೆ. “ಸಾರ್, ಈ ಊರಿಗೆ ನೀವೇ ಅಮೆರಿಕಾ,” ಎಂದು ನಾನೊಮ್ಮೆ ಅಂದೆ. ಹೊಗಳಿಕೆಗೇ ಅಂದಿದ್ದು. ಅವರು ಬಿದ್ದು ಬಿದ್ದು ನಕ್ಕರು, ಆಮೇಲೆ ನಾಲ್ಕು ಜನರೆದುರು ತಾವೇ ಹೇಳಿಕೊಂಡರು.

ನಗಲು ಕಾರಣವಿತ್ತು. ಅವರಿಗೆ ಇತಿಹಾಸವೆಂದರೆ ಎರಡನೇ ಮಹಾಯುದ್ಧ, ಯುದ್ಧವೆಂದರೆ ಅಮೆರಿಕಾ ತಡವಾಗಿ ಬಂದದ್ದು. ಪಠ್ಯಪುಸ್ತಕದಲ್ಲಿ ಕೆಲವೇ ಪುಟಗಳಲ್ಲಿ ಮುಗಿಯುವ ಯುದ್ಧವನ್ನು ಅವರು ಇಡೀ ಮಳೆಗಾಲ ಎಳೆಯುತ್ತಿದ್ದರು. ಸಂಜೆ ಅವರ ಜಗಲಿಯಲ್ಲಿ ಕಾಫಿಯ ಜೊತೆ ನನಗೂ ಅದೇ ಪಾಠ. ಮೇಜಿನ ಮೇಲೆ ಅಡಕೆ ಕತ್ತರಿಯೇ ಜರ್ಮನಿ, ಕನ್ನಡಕದ ಡಬ್ಬಿಯೇ ಇಂಗ್ಲೆಂಡು, ಒಂದು ಗಾಂಧಾರಿ ಮೆಣಸು ಜಪಾನು. ಅಮೆರಿಕಾ ಯಾವಾಗಲೂ ಕಿತ್ತಳೆ ಹಣ್ಣು. ಅದನ್ನು ಮೇಜಿನ ತುತ್ತತುದಿಗೆ ಇಟ್ಟು, “ನೋಡಿ, ಹೇಗೆ ಕೂತಿದ್ದಾನೆ! ಆಚೆಮನೆ ಹೊತ್ತಿ ಉರೀತಾ ಉಂಟು, ಇವ ಬಾಗಿಲಲ್ಲಿ ನಿಂತು ಹೊಗೆ ನೋಡ್ತಾನೆ. ಎರಡು ವರ್ಷ ನೋಡಿದ ಮಾರಾಯ್ರೆ! ತನ್ನ ಹಡಗಿಗೇ ಬಾಂಬು ಬಿದ್ದ ಮೇಲೆ ಎದ್ದ,” ಎನ್ನುತ್ತಿದ್ದರು. ಎಲ್ಲರಿಗೂ ಗೊತ್ತಿರುವ ಆ ಸಂಗತಿ ಅವರಿಗೆ ಮಾತ್ರ ಮೊನ್ನೆ ಮೊನ್ನೆ ಪಕ್ಕದ ಮನೆಯವನು ಮಾಡಿದ ದ್ರೋಹ.

ಆಮೇಲೆ ಅವರ ಆಟ. “ಈಗ ತಾರೀಖು ಸ್ವಲ್ಪ ಹಿಂದಕ್ಕೆ ಜರುಗಿಸೋಣ.” ಕಿತ್ತಳೆ ಹಣ್ಣನ್ನು ಯುದ್ಧದ ಮೊದಲ ವಾರಕ್ಕೇ ಉರುಳಿಸಿ ಬಿಡುತ್ತಿದ್ದರು. ಅದು ಬಂದ ರಭಸಕ್ಕೆ ಮೆಣಸಿನಕಾಯಿ ತಟ್ಟೆಯ ಹಿಂದೆ ಅಡಗುತ್ತಿತ್ತು. ಜಪಾನಿಗೆ ಧೈರ್ಯವಿಲ್ಲ, ಸಿಂಗಾಪುರ ಬೀಳುವುದಿಲ್ಲ, ಅಲ್ಲಿ ಸಿಪಾಯಿಯಾಗಿದ್ದ ಅವರ ದೊಡ್ಡಪ್ಪ ಸೆರೆ ಸಿಕ್ಕುವುದಿಲ್ಲ, ಸಾಯುವುದಿಲ್ಲ. ನಾಪೋಕ್ಲಿಗೆ ಬಂದು ಇಳಿಯುತ್ತಾರೆ, ಮದುವೆಯಾಗುತ್ತಾರೆ. “ಆಗ ಈ ಮನೆಗೆ ಯಜಮಾನ ದೊಡ್ಡಪ್ಪ. ಈ ಜಗಲಿ ಅವರ ಮಕ್ಕಳದ್ದು. ನಾನು ಎಲ್ಲೋ ಕೆಳಗಿನ ಗದ್ದೆ ಮೂಲೆಯಲ್ಲಿ. ಅವ ತಡ ಮಾಡಿದ್ದಕ್ಕೇ ನಾನು ಇಲ್ಲಿ ಕಾಲು ಚಾಚಿ ಕೂತಿದ್ದು ಪಂಡಿತರೇ. ಅದಕ್ಕೇ ಅವನನ್ನು ಕಂಡ್ರೆ ನನಗೆ ಆಗೂದಿಲ್ಲ,” ಎನ್ನುವಾಗ ಅವರ ದನಿ ತಮಾಷೆಯದಾಗಿರುತ್ತಿರಲಿಲ್ಲ. ಅಷ್ಟರಲ್ಲಿ ಅವರ ಹೆಂಡತಿ ಬಂದು ಜಪಾನನ್ನು ಚಟ್ನಿಗೆಂದು ಎತ್ತಿಕೊಂಡು ಹೋಗುತ್ತಿದ್ದರು.

ಇಲ್ಲಿಯ ಎರಡು ಪದ್ಧತಿಗಳನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮನೆಯಲ್ಲಿ ಸಾವಾದರೆ ಅಂಗಳದಲ್ಲಿ ನಿಂತು ಒಂದರ ಹಿಂದೆ ಒಂದು ಎರಡು ಗುಂಡು ಹಾರಿಸುತ್ತಾರೆ. ಅದನ್ನು ಕೇಳಿದವರು ಉಣ್ಣುತ್ತಿದ್ದರೂ ಕೈ ತೊಳೆದು ಹೊರಡಬೇಕು. ಕರೆಯಬೇಕಾಗಿಲ್ಲ, ಜಗಳವಿದ್ದರೂ ಬಿಡುವಂತಿಲ್ಲ. ಒಂದೇ ಗುಂಡಿನ ಲೆಕ್ಕ ಬೇರೆ. ಗಂಡುಮಗು ಹುಟ್ಟಿರಬಹುದು, ಹಂದಿ ಬಂದಿರಬಹುದು, ಆನೆ ಹೆದರಿಸಲು ಆಕಾಶಕ್ಕೆ ಹೊಡೆದಿರಬಹುದು. ಒಂದು ಗುಂಡು ಆ ಮನೆಯದು, ಎರಡು ಗುಂಡು ಊರಿನದು. ಇನ್ನೊಂದು ಪದ್ಧತಿ ಆನೆಯದು. ತೋಟಕ್ಕೆ ಆನೆ ಬಂದರೆ ಪಟಾಕಿ ಹೊಡೆದು ಅಟ್ಟುತ್ತಾರೆ, ತಮ್ಮ ಬೇಲಿಯ ತನಕ. ಬೇಲಿ ದಾಟಿದ ಮೇಲೆ ಅದು ಆಚೆಯವನ ಆನೆ. “ನಿಮ್ಮ ಕಡೆ ದಾಟಿದೆ” ಎಂದು ಊರಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿ, ಕೈಮುಗಿದ ಚಿತ್ರ ಅಂಟಿಸಿ, ಮಲಗುತ್ತಾರೆ.

ಸಾರ್ ತೋಟದ ಕೆಳಗೆ, ಗದ್ದೆಯ ಅಂಚಿನಲ್ಲಿ ಬೆಳ್ಯಪ್ಪನ ಮನೆ. ಚಿಕ್ಕ ತೋಟ, ಒಂದಿಷ್ಟು ಬಾಳೆ, ಒಂದು ಹಳೆಯ ಕೋವಿ, ಹೆಂಡತಿ ಜಾನಕಿಯಕ್ಕ. ಆ ತಗ್ಗಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ಮಾತಾಡಬೇಕೆಂದರೆ ರಸ್ತೆಯ ತಿರುವಿಗೆ ಹತ್ತಬೇಕು. ಮೇಲಿನಿಂದ ಅಟ್ಟಿದ ಆನೆಯೆಲ್ಲ ಇಳಿಯುತ್ತಿದ್ದುದು ಅವನ ಬಾಳೆಗೆ. ಒಂದು ದಿನ ಅವನು ಜಗಲಿಗೇ ಬಂದ. ನಾನೂ ಇದ್ದೆ. “ಸಾರ್, ನಿಮ್ಮ ಆನೆಯನ್ನು ನನ್ನ ತೋಟಕ್ಕೆ ಯಾಕೆ ಕಳಿಸ್ತೀರಿ?” ಎಂದ. ಸಾರ್, “ಆನೆಗೆ ಆರ್‌ಟಿಸಿ ಉಂಟಾ ಬೆಳ್ಯಪ್ಪ, ನನ್ನದು ಅಂತ ಬರೆದಿರಲಿಕ್ಕೆ?” ಎಂದರು. ಒಳ್ಳೆಯ ಚಟಾಕಿ ಎಂದು ನಾನು ನಕ್ಕೆ. ಬೆಳ್ಯಪ್ಪ ನಗಲಿಲ್ಲ. “ಇನ್ನು ಈ ಮೆಟ್ಟಿಲು ಹತ್ತಿದರೆ ಕೇಳಿ,” ಎಂದು ಹೋದ. ಅಲ್ಲಿಗೆ ಎರಡು ಮನೆಗೂ ಮಾತು ನಿಂತಿತು.

ಗದ್ದೆ ತೆನೆಕಟ್ಟಿದ್ದ ಕಾಲ. ಹಿಂದಿನ ಸಂಜೆ ಸಾರ್ ಮತ್ತು ಅವರ ಆಳುಗಳು ಒಂಟಿ ಸಲಗವೊಂದನ್ನು ಬೇಲಿ ದಾಟಿಸಿದ್ದರು. ಬೆಳಿಗ್ಗೆ ನಾನು ಎದುರು ದಿಬ್ಬದ ನನ್ನ ಬಾಡಿಗೆ ಮನೆಯಲ್ಲಿ ಗಡ್ಡಕ್ಕೆ ಸೋಪು ಹಚ್ಚಿಕೊಂಡಿದ್ದಾಗ ತಗ್ಗಿನಿಂದ ಗುಂಡಿನ ಸದ್ದು ಬಂತು. ಒಂದೇ. ಪಕ್ಕದ ಮನೆಯವರು ಅಂಗಳಕ್ಕೆ ಬಂದು, “ಆನೆ ಇರಬೇಕು. ಮೇಲಿನ ಮನೆ ಜೀಪ್ ಹೊರಟ್ರೆ ಹೋಗುವ,” ಎಂದರು. ನಾನೂ ಸೈ ಎಂದೆ. ಜೀಪಿನ ಸದ್ದಿಗೆ ಊರಿಗೆ ಊರೇ ಕಿವಿಕೊಟ್ಟು ನಿಂತಿತು. ಜೀಪು ಹೊರಡಲಿಲ್ಲ. ನಾನು ಗಡ್ಡ ಹೆರೆದು ಮುಗಿಸಿದೆ, ತಿಂಡಿ ತಿಂದೆ. ಆಮೇಲೆ ಎರಡು ಗುಂಡು ಕೇಳಿಸಿತು. ಆಗ ಎಲ್ಲ ದಾರಿಗಳಿಂದಲೂ ಜನ ಇಳಿದರು. ಜೀಪೂ ಇಳಿಯಿತು, ಎಲ್ಲರಿಗಿಂತ ಮೊದಲು.

ಆ ಸಲಗ ತುಳಿದಿದ್ದ ಬೆಳ್ಯಪ್ಪ ನೀರಿನ ತೋಡಿನ ಪಕ್ಕದಲ್ಲಿ ಬಹಳ ಹೊತ್ತು ಜೀವ ಹಿಡಿದುಕೊಂಡಿದ್ದನಂತೆ. ಜಾನಕಿಯಕ್ಕ ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂಗಿದ್ದರಂತೆ. ಆ ತಗ್ಗಿನಿಂದ ಹೆಂಗಸಿನ ಕೂಗು ಮೇಲಕ್ಕೆ ಹತ್ತುವುದಿಲ್ಲ. ಅವನನ್ನು ಬಿಟ್ಟು ರಸ್ತೆಯ ತಿರುವಿಗೆ ಹೋಗಲು ಅವರಿಗೆ ಮನಸ್ಸು ಬರಲಿಲ್ಲ. “ಒಂದು ವೇಳೆ ಆಗಲೇ ಆಸ್ಪತ್ರೆಗೆ ಸಾಗಿಸಿದ್ದಿದ್ರೆ…” ಎಂದು ಅಂಗಳದಲ್ಲಿ ಯಾರೋ ಅಂದರು. ಸಾರ್ ಅಲ್ಲೇ ಕಟ್ಟಿಗೆ ಜೋಡಿಸುತ್ತಿದ್ದರು. ಅವರ ಕೈ ನಿಂತದ್ದನ್ನೂ, ಮತ್ತೆ ಸೌದೆ ಎತ್ತಿದ್ದನ್ನೂ ನಾನು ನೋಡಿದೆ.

ಊರು ಅವರ ಬೆನ್ನ ಹಿಂದೆ ಆಡಿಕೊಂಡಿತು. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಲು ಬಂದರು ಎಂದಿತು. ನಮ್ಮ ಮನೆಗಳಲ್ಲೂ ಕಾಲುಗಳಿದ್ದವು, ಆ ತಗ್ಗಿಗೆ ನಡೆದು ಹೋಗುವಷ್ಟು ದಾರಿಯೂ ಇತ್ತು ಎಂದು ಒಬ್ಬರೂ ಹೇಳಲಿಲ್ಲ. ದೊಡ್ಡವನೊಬ್ಬ ತಡಮಾಡಿದರೆ ಚಿಕ್ಕವರಿಗೆಲ್ಲ ಅನುಕೂಲ, ತಪ್ಪನ್ನೆಲ್ಲ ಇಳಿಸಲು ಒಂದು ವಿಶಾಲವಾದ ಜಗಲಿ ಸಿಗುತ್ತದೆ. ಅಮೆರಿಕಾ ಎಂಬ ಹೆಸರನ್ನು ನಾನೇ ಅವರಿಗೆ ಇಟ್ಟಿದ್ದೆ. ಈಗ ಅದನ್ನು ಬೇರೆಯವರು ಬೇರೆ ದನಿಯಲ್ಲಿ ಅನ್ನುವುದು ಕಿವಿಗೆ ಬೀಳುತ್ತಿತ್ತು. ನಾನು ತಡೆಯಲಿಲ್ಲ. ಒಂದೆರಡು ಸಲ ನಕ್ಕೂ ಇದ್ದೇನೆ.

ಕೆಲವು ತಿಂಗಳು ಜಗಲಿಯ ಯುದ್ಧ ನಿಂತಿತ್ತು. ಮತ್ತೆ ಶುರುವಾದಾಗ ಕಿತ್ತಳೆ ಹಣ್ಣು ಮೇಜಿನ ಮೇಲಿರಲಿಲ್ಲ, ಅವರ ಕೈಯಲ್ಲಿತ್ತು.

“ಪಂಡಿತರೇ, ಅವ ಇನ್ನೂ ಎರಡು ವರ್ಷ ತಡ ಮಾಡಿದ್ದಿದ್ರೆ?”

ನನಗೆ ಆಶ್ಚರ್ಯವಾಯಿತು. ಇಷ್ಟು ವರ್ಷ ತಾರೀಖನ್ನು ಹಿಂದಕ್ಕೆ ಜರುಗಿಸುತ್ತಿದ್ದವರು ಈಗ ಮುಂದಕ್ಕೆ ತಳ್ಳುತ್ತಿದ್ದರು. ರಷ್ಯಾ ಒಂಟಿಯಾಗಿ ಸೋಲುತ್ತದೆ, ಇಂಗ್ಲೆಂಡಿಗೆ ಅನ್ನವಿಲ್ಲ, ಜಪಾನಿನವರು ಬರ್ಮಾ ದಾಟಿ ಬಂದು ನಾಪೋಕ್ಲು ಸಂತೆಯಲ್ಲಿ ಒಣಮೀನಿಗೆ ಚೌಕಾಸಿ ಮಾಡುತ್ತಾರೆ. ನಾನು ನಕ್ಕೆ. ಅವರು ನಗಲಿಲ್ಲ. “ಹಾಗೆ ನೋಡಿದ್ರೆ ಅವ ಬಂದದ್ದು ತಡ ಅಂತ ಹೇಳೋಕ್ಕಾಗ್ತದಾ? ತಯಾರಿ ಬೇಡ್ವಾ? ಕರೀದೆ ಇನ್ನೊಬ್ಬರ ಜಗಳಕ್ಕೆ ನುಗ್ಗೋಕ್ಕಾಗ್ತದಾ?” ಮುಂದಿನ ವಾರ ಮೂರು ವರ್ಷ ತಡವಾಯಿತು. ಅದರ ಮುಂದಿನ ವಾರ ಅಮೆರಿಕಾ ಬರಲೇ ಇಲ್ಲ, ಪ್ರಪಂಚ ಪೂರ್ತಿ ಮುಳುಗಿತು. ತಡ ಹೆಚ್ಚಾದಷ್ಟೂ ನಿಜವಾಗಿ ಆದ ತಡ ಚಿಕ್ಕದಾಗಿ ಕಾಣುತ್ತಿತ್ತು. ಅಮೆರಿಕಾವನ್ನು ಅವರು ಕ್ಷಮಿಸುತ್ತಿದ್ದುದು ಯಾರಿಗೋಸ್ಕರ ಎಂದು ತಿಳಿಯದಷ್ಟು ದಡ್ಡ ನಾನಲ್ಲ. ಆದರೂ, “ಅದೂ ಒಂದು ಲೆಕ್ಕಕ್ಕೆ ಸರಿ ಸಾರ್,” ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಕಾಫಿ ಕುಡಿದು ಬರುತ್ತಿದ್ದೆ.

ಅಂಥ ಒಂದು ಸಂಜೆ ಜಾನಕಿಯಕ್ಕ ಬಂದರು. ಕಾಳುಮೆಣಸು ಕೊಯ್ಯಲು ಏಣಿ ಬೇಕಿತ್ತು. ಗಂಡ ಹತ್ತುವುದಿಲ್ಲ ಎಂದಿದ್ದ ಮೆಟ್ಟಿಲಿನ ಕೆಳಗೇ ನಿಂತರು. ಸಾರ್ ಮಾತು ನಿಲ್ಲಿಸಲು ನೋಡಿದರು. ಅವರು ಬಿಡಲಿಲ್ಲ.

“ಹೇಳಿ ಸಾರ್, ಕೇಳ್ತೇನೆ. ಯಾರ ಕಥೆ ಅದು?”

“ಎಂತದೂ ಇಲ್ಲ ಜಾನಕಿ. ಹಳೇ ಯುದ್ಧದ್ದು. ದೊಡ್ಡ ದೇಶ ಒಂದು ತಡವಾಗಿ ಬಂತು ಅಂತ ಎಲ್ಲ ಹೇಳ್ತಾರೆ. ನಾನು ಹೇಳೋದು… ಬಂತಲ್ಲ ಅಂತ.”

ವ್ಯಂಗ್ಯ ಜಾನಕಿಯಕ್ಕನಿಗೆ ಬಾರದು, ಇವತ್ತಿಗೂ ಬಾರದು.

“ಹೌದಲ್ಲ ಸಾರ್. ಬಂದ್ರಲ್ಲ, ಸಾಕು. ನೀವೂ ಬಂದ್ರಿ. ಎರಡು ಗುಂಡಿಗೆ ಎಲ್ಲಾರೂ ಬಂದ್ರು. ಒಬ್ಬರೂ ತಪ್ಪಿಸಲಿಲ್ಲ.”

ಏಣಿ ಹೊತ್ತುಕೊಂಡು ಅವರು ಇಳಿದು ಹೋದರು. ಸಾರ್ ಕಿತ್ತಳೆ ಹಣ್ಣನ್ನು ಮೇಜಿನ ತುದಿಗೆ, ಅದರ ಹಳೆಯ ಜಾಗಕ್ಕೆ ಇಟ್ಟರು. ಅವರ ಮುಖ ನೋಡಲು ನನಗೆ ಆಗಲಿಲ್ಲ, ಅಂಗಳ ನೋಡಿದೆ.

“ಅವತ್ತು ಬೂಟು ಹಾಕಿದ್ದೆ ಪಂಡಿತರೇ,” ಎಂದರು. “ಜೀಪಿನ ಕೀ ಕೈಯಲ್ಲಿತ್ತು. ಇವಳು ಹೋಗಿ ಹೋಗಿ ಅಂತ ಹೇಳ್ತಾ ಇದ್ದಳು. ಅವ ಕರೀಲಿ, ಅವನೇ ಕರೀಲಿ, ಅಂತ ಇಲ್ಲೇ ನಿಂತೆ. ಇದೇ ಮೆಟ್ಟಿಲಲ್ಲಿ.”

ಇಂಥ ಹೊತ್ತಿನಲ್ಲಿ ಒಳ್ಳೆಯ ಗೆಳೆಯ ಹೇಳಬೇಕಾದದ್ದು ಒಂದೇ: ನಿಮ್ಮ ಜೀಪಿಗೆ ಕಾದು ನಾನೂ ನಿಂತಿದ್ದೆ ಸಾರ್, ಸೋಪು ಒಣಗುವ ತನಕ. ನಾನು ಹೇಳಲಿಲ್ಲ. “ಬಿಡಿ ಸಾರ್, ಯಾರ ಕೈಯಲ್ಲಿ ಏನಿದೆ,” ಎಂದು ಎದ್ದೆ.

ಮತ್ತೆ ಆ ಜಗಲಿಯಲ್ಲಿ ಯುದ್ಧ ನಡೆಯಲಿಲ್ಲ. ಅವರ ಎರಡನೆಯ ಜನ್ಮ ಅಲ್ಲಿಂದ ಶುರು. ಎಲ್ಲಿ ಒಂದು ಗುಂಡು ಹಾರಿದರೂ ಜೀಪು ಹೊರಡುತ್ತಿತ್ತು. ಹಂದಿ ಹೊಡೆದವರ ಮನೆಗೆ ಹೋದರು, ಅವರು ಗಾಬರಿಯಾಗಿ ಹಂದಿಯನ್ನು ಬಚ್ಚಿಟ್ಟರು. ಆನೆಯೆಂದು ಸರ್ಚ್‌ಲೈಟ್ ಹಿಡಿದು ಒಂದು ಅಂಗಳಕ್ಕೆ ನುಗ್ಗಿದರೆ ಆಗಷ್ಟೇ ಹುಟ್ಟಿದ ಮಗು. “ಆನೆಯಂತೆಯೇ ಉಂಟು,” ಎಂದು ಮಗುವಿನ ಕೈಗೆ ನೋಟು ಇಟ್ಟು ಬಂದರು. ಕೋವಿಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬದ ದಿನವಂತೂ ಕೇಳುವುದೇ ಬೇಡ. ಅಂದು ಹುಡುಗರೆಲ್ಲ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಸಾರ್ ಬೆಳಗಿನಿಂದ ಜೀಪಿನಲ್ಲೇ ಕೂತಿದ್ದರು, ತಿಂಡಿಯೂ ಅಲ್ಲೇ. ಒಂದೊಂದು ಸದ್ದಿಗೂ ಒಂದು ಸುತ್ತು. ಊರು ಹೊಟ್ಟೆ ಹಿಡಿದು ನಕ್ಕಿತು. ತಲೆ ಕೆಟ್ಟಿದೆ ಎಂದವರೂ ಇದ್ದರು.

“ಸಾರ್, ಹೀಗೆ ಎಷ್ಟು ದಿನ?” ಎಂದು ಕೇಳಿದೆ.

“ಎರಡಕ್ಕೆ ಬರೋದು ಹೆಣಕ್ಕೆ ಪಂಡಿತರೇ. ಮನುಷ್ಯನಿಗೆ ಅಂತ ಬರೋದಾದ್ರೆ ಒಂದಕ್ಕೇ ಬರಬೇಕು,” ಎಂದರು. ಆಮೇಲೆ, “ನೀವೂ ಬನ್ನಿ. ಜೀಪಲ್ಲಿ ಜಾಗ ಉಂಟು,” ಎಂದು ಸೇರಿಸಿದರು.

ನಾನು ಒಂದೆರಡು ಸಲ ಹೋದೆ. ಆಮೇಲೆ ಪರೀಕ್ಷೆ, ಮೌಲ್ಯಮಾಪನ, ಮಂಡಿನೋವು. ಅವರು ಆನೆಯನ್ನು ಬೆಳ್ಯಪ್ಪನ ಬೇಲಿಯ ತನಕವಷ್ಟೇ ಅಟ್ಟುವುದನ್ನೂ ಬಿಟ್ಟರು. ಆನೆಯ ಹಿಂದೆ ನಾಲ್ಕು ತೋಟ ದಾಟಿ ಕಾಡಿನ ಅಂಚಿನ ತನಕ ಹೋಗುತ್ತಿದ್ದರು, ಬೈಸಿಕೊಂಡು ಬರುತ್ತಿದ್ದರು. ಜಾನಕಿಯಕ್ಕನ ಮಾತು ಎಂದೂ ಎತ್ತಲಿಲ್ಲ, ಏಣಿಯನ್ನೂ ಹಿಂದಕ್ಕೆ ಕೇಳಲಿಲ್ಲ. ಇಷ್ಟು ವರ್ಷ ಅವರು ಓಡಾಡಿದ್ದರಿಂದ ಊರಿಗೆ ಏನಾದರೂ ಬುದ್ಧಿ ಬಂತೇ ಎಂದರೆ, ಬಂತು. ಒಂದು ಗುಂಡಿಗೆ ಜೀಪು ಹೇಗೂ ಹೋಗುತ್ತದಲ್ಲ ಎಂದು ನಾವು ಕಿವಿ ಕೊಡುವುದನ್ನೇ ಬಿಟ್ಟೆವು.

ಈ ಮಳೆಗಾಲ. ಗಾಳಿಗೆ ಕಂಬಗಳು ಬಿದ್ದು ಕರೆಂಟು ಹೋಗಿತ್ತು, ಟವರೂ ಸತ್ತು ಫೋನುಗಳೆಲ್ಲ ಮಣ್ಣುಮುಕ್ಕಿದ್ದವು. ಮಧ್ಯಾಹ್ನದ ಊಟ ಮಾಡಿ ಬೆಚ್ಚಗೆ ಕೂತಿದ್ದೆ. ಗುಂಡಿನ ಸದ್ದು ಬಂತು, ಒಂದೇ. ಎಲ್ಲಿಂದ ಎಂದು ಗೊತ್ತಾಗಲಿಲ್ಲ, ಮಳೆಯಲ್ಲಿ ಗೊತ್ತಾಗುವುದೂ ಇಲ್ಲ. “ಸಾರ್ ಹೊರಡ್ತಾರೆ ನೋಡು,” ಎಂದು ಹೆಂಡತಿಗೆ ಹೇಳಿದೆ. ಅವಳು ಕಿಟಕಿಯ ಬಳಿ ನಿಂತು ಕೇಳಿದಳು. “ಜೀಪ್ ಸದ್ದಿಲ್ಲವಲ್ರೀ,” ಎಂದಳು. “ಹಾಗಾದ್ರೆ ಏನೂ ಇರಲ್ಲ ಬಿಡು. ಏನಾದ್ರೂ ಇದ್ದಿದ್ರೆ ಅವರು ಹೋಗದೆ ಇರ್ತಾರಾ?” ಎಂದೆ. ಊರಿನ ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಇದೇ ಮಾತು ನಡೆದಿತ್ತೆಂದು ಆಮೇಲೆ ತಿಳಿಯಿತು. ನಾನು ಕಂಬಳಿ ಹೊದ್ದು ಮಲಗಿದೆ, ನಿದ್ದೆಯೂ ಬಂತು.

ಎಚ್ಚರಿಸಿದ್ದು ಎರಡು ಗುಂಡು. ಈ ಸಲ ದಿಕ್ಕು ಗೊತ್ತಾಯಿತು.

ಕೊಡೆ ಹಿಡಿದು ಗುಡ್ಡ ಹತ್ತಿದೆ. ಮಂಡಿನೋವು ನೆನಪಾಗಲಿಲ್ಲ. ದಾರಿಯುದ್ದಕ್ಕೂ ಜನ, ಎಲ್ಲರೂ ಓಡುತ್ತಿದ್ದರು, ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅಂಗಳದಲ್ಲಿ ಜೀಪು ಹಿಂದಿನ ಬಾಗಿಲು ತೆರೆದುಕೊಂಡು ನೆನೆಯುತ್ತ ನಿಂತಿತ್ತು. ಮೆಟ್ಟಿಲಿನ ಮೇಲೆ, ಅದೇ ಮೆಟ್ಟಿಲಿನ ಮೇಲೆ, ಸಾರ್ ಮಲಗಿದ್ದರು. ಅವರ ಹೆಂಡತಿಯ ಕೈಯಲ್ಲಿ ಕೋವಿ ಇನ್ನೂ ಇತ್ತು. ಸಾರ್ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಜಾನಕಿಯಕ್ಕ ಕೂತಿದ್ದರು, ಸೀರೆ ಮೊಣಕಾಲಿನ ತನಕ ಕೆಸರು.

“ನೀವು ಯಾವಾಗ ಬಂದ್ರಿ?” ಎಂದೆ. ಕೇಳಬಾರದಿತ್ತು.

“ಒಂದಕ್ಕೇ ಬಂದೆ ಮೇಷ್ಟ್ರೇ,” ಎಂದರು. “ಆಗ ಮಾತಾಡ್ತಾ ಇದ್ದರು. ಎದೆ ಹಿಡ್ಕೊಂಡೇ, ಪಂಡಿತರು ಬರ್ತಾರೆ, ತಡೀರಿ, ಅಂದ್ರು. ನಾವಿಬ್ಬರು ಹೆಂಗಸರು ಇಲ್ಲಿ ತನಕ ಎಳ್ಕೊಂಡು ಬಂದೆವು. ಜೀಪ್ ಓಡಿಸ್ಲಿಕ್ಕೆ ಈ ಅಮ್ಮ ಇದ್ದರು. ಮಳೆಗೆ ಆಳುಗಳೂ ಬಂದಿರಲಿಲ್ಲ, ಎತ್ತಿ ಹಾಕ್ಲಿಕ್ಕೆ ಆಗಲಿಲ್ಲ. ಇನ್ನೊಬ್ಬರು ಬೇಕಿತ್ತು.”

ನನ್ನ ಹಿಂದೆ ಅಂಗಳದಲ್ಲಿ, ಕೊಡೆಗಳನ್ನು ಮಡಚುತ್ತ, ಊರಿಗೆ ಊರೇ ಬಂದು ನಿಂತಿತ್ತು.